ಹೋಗೂ ಮುಂದ ಸಪ್ಪಳೋ, ಬರೂ ಮುಂದೋ?

ಅವರ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಸತ್ತ ಶಾಕಪ್ಪನ್ನು ಅಡ್ಡ ಇಟ್ಟಿರುತ್ತಿದ್ದರು. ಶಾಕಪ್ ಎಂದರೆ ಗಾಡಿಯ ಚಕ್ರದ ಬಳಿ ಇರುವ, ಎಣ್ಣೆ ತುಂಬಿದ ಮೊಳದುದ್ದದ ಕೊಳವೆ. ಹೊಂಡಕ್ಕಿಳಿದಾಗ ಕಮಾನು ಪಟ್ಟಿಗಳು ಕುಣಿಯುತ್ತಲ್ಲ, ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಅದರ ಕೆಲಸ. ಬೇರೆಯವರ ಮನೆಯಲ್ಲಿ ಬಾಗಿಲಿಗೆ ಕಲ್ಲೋ ಮರದ ತುಂಡೋ ಇರುತ್ತದೆ. ಇವರ ಮನೆಯಲ್ಲಿ ಮುಂಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು, ಗ್ಯಾಸ್ ಸಿಲಿಂಡರ್ ಉರುಳದಂತೆ ಇನ್ನೊಂದು ಶಾಕಪ್ ಇತ್ತು. ಎರಡು ಮೂರನ್ನು ಸೌತೆಕಾಯಿ ಸೀಳಿದಂತೆ ಉದ್ದಕ್ಕೆ ಸೀಳಿ, ಒಳಗಿನದೆಲ್ಲ ಕಾಣುವ ಹಾಗೆ ಟಿವಿಯ ಪಕ್ಕ ಜೋಡಿಸಿದ್ದರು. ನಾನು ಮೊದಲ ಸಲ ಹೋದಾಗ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, "ಬರ್ರಿ ಸಾಹೇಬ್ರ, ಕೆಳಗ ನೋಡ್ಕೋತ ಬರ್ರಿ, ಎಡವೀರಿ" ಎಂದೇ ಸ್ವಾಗತಿಸಿದ್ದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ತೀರಿಕೊಂಡವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರನ್ನು ಚೆನ್ನಾಗಿ ಬಲ್ಲೆ ಎಂದೇ ಶುರುಮಾಡುತ್ತಾರೆ. ನನಗೆ ಆ ಧೈರ್ಯವಿಲ್ಲ. ಎರಡು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದೆ, ವಾರಕ್ಕೆ ನಾಲ್ಕು ಸಲ ಅವರ ಮನೆಯ ಚಹಾ ಕುಡಿದೆ, ಆದರೂ ಆ ಮನುಷ್ಯ ಏನು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಅವರು ನನಗೆ ಮಾಡಿದ್ದು ಉಪಕಾರವೋ ಶಿಕ್ಷೆಯೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಬೀದರ ಜಿಲ್ಲೆಯವರು. ಈ ಊರಿನ ಹೊರಗಿರುವ ಶೇಂದ್ರಾದ ಒಂದು ಶಾಕಪ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿ, ಊರಿಗೆ ಹೋಗದೆ ಇಲ್ಲೇ, ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲೇ ಉಳಿದವರು. ಹಣೆಯ ತುಂಬ ವಿಭೂತಿ, ಕಿಸೆಯಲ್ಲಿ ಸದಾ ಒಂದು ಸೀಮೆಸುಣ್ಣ. ಸೀಮೆಸುಣ್ಣ ಯಾಕೆ ಎಂದು ಕೇಳಿದರೆ "ನಿಮ್ಮ ಕಿಸೇದಾಗ ಪೆನ್ ಯಾಕದ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಅದು ಅವರ ದೊಡ್ಡ ದುರ್ಗುಣ. ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ, ಅದಕ್ಕೊಂದು ಪ್ರಶ್ನೆ ಕಟ್ಟಿ ವಾಪಸ್ ಕಳಿಸುತ್ತಿದ್ದರು. "ಕಾಕಾ, ಊಟ ಆಯ್ತಾ?" ಎಂದರೂ "ಯಾಕ್ರೀ, ನಿಮ್ಮನ್ಯಾಗ ಏನ್ ಮಾಡ್ಯಾರ?" ಎಂಬ ಉತ್ತರ.

ನಾನು ಕಲಬುರಗಿಯವನು. ಕೇಂದ್ರ ಸರ್ಕಾರದ ನೌಕರಿ. ಹಳ್ಳಿಹಳ್ಳಿಯ ಬಾವಿಗಳಿಗೆ ಟೇಪು ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಅಳೆಯುವುದು ನನ್ನ ಕೆಲಸ. ದಿನವಿಡೀ ನೆಲದ ಕೆಳಗೆ ಇಣುಕುವ ನನಗೆ ನನ್ನ ಗಾಡಿಯ ಕೆಳಗೆ ಇಣುಕುವ ಬುದ್ಧಿ ಇರಲಿಲ್ಲ. ಗಾಡಿ ಎಂದರೆ ಒಂದು ಹಳೆಯ ಜೀಪು, ನಾಲ್ಕೂ ಚಕ್ರಕ್ಕೆ ಎಳೆತವಿರುವಂಥದ್ದು. ಮಳೆಗಾಲದ ಕರಿಮಣ್ಣಿನ ದಾರಿಯಲ್ಲೂ, ಗುಡ್ಡದ ಕಲ್ಲುಹಾದಿಯಲ್ಲೂ ಹೋಗಿ ಬರುತ್ತಿತ್ತು. ನನ್ನ ಹೆಂಡತಿ ಅದನ್ನು ನನ್ನ ಮೊದಲ ಸಂಸಾರ ಎಂದು ಕರೆಯುತ್ತಾಳೆ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಎರಡನೇ ವಾರವೇ ಅವರ ಪರಿಚಯವಾಯಿತು. ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸುತ್ತಿದ್ದೆ. ಪಕ್ಕದ ಗೇಟಿನ ಬಳಿ ಒಬ್ಬ ವಯಸ್ಸಾದವರು ಕಣ್ಣು ಮುಚ್ಚಿ ನಿಂತಿದ್ದರು. ಜಪವೋ ಏನೋ ಎಂದುಕೊಂಡೆ. ಇಂಜಿನ್ ಆರಿಸಿದ ಮೇಲೆ ಕಣ್ಣು ತೆರೆದು, "ಹಿಂದಿಂದು ಎಡಗಡೀದು ಸತ್ತದ್ರಿ" ಎಂದರು. ನನ್ನ ಮನೆಯಲ್ಲಿ ಕನ್ನಡ ಕೇಳಿ ಕನ್ನಡದಲ್ಲೇ ಹೇಳಿದ್ದಂತೆ. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ಸತ್ತದ್ದು ಏನು ಎಂದು ಕೇಳುವುದಕ್ಕೂ ಮೊದಲು ಅವರ ಕೈ ಹಿಡಿದು ಕುಲುಕಿದ್ದೆ.

ಸತ್ತದ್ದು ಶಾಕಪ್. ಹಾಕಿಸಿ ಮೂರೇ ತಿಂಗಳಾಗಿತ್ತು. ಅದಕ್ಕೂ ಮೊದಲಿನದು ನಾಲ್ಕು ತಿಂಗಳು, ಅದಕ್ಕೂ ಮೊದಲಿನದು ಮೂರು. ಎಣ್ಣೆ ಸೋರಿ, ಚಕ್ರದ ಬಳಿ ಧೂಳು ಕಟ್ಟಿ, ಆಮೇಲೆ ಪ್ರತಿ ಹೊಂಡಕ್ಕೂ "ಟಕ್" ಎಂಬ ಸದ್ದು. ಒಳ್ಳೆಯ ಶಾಕಪ್ ವರ್ಷಗಟ್ಟಲೆ ಬಾಳಬೇಕು. ನನ್ನವು ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದವು.

ಯಾಕೆ ಎಂಬುದಕ್ಕೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಚಹಾ ಕುಡಿಯುತ್ತ ಅದನ್ನು ಅವರಿಗೆ ಹೇಳಿದೆ. ನಾನು ಮೊದಲು ನಾಸಿಕದಲ್ಲಿದ್ದೆ. ಅಲ್ಲಿನ ನಮ್ಮ ಕನ್ನಡದವರದೊಂದು ಪದ್ಧತಿ. ಊರಿಗೆ ಹೋದ ಗಾಡಿ ಖಾಲಿ ಬರಬಾರದು. ಯಾರು ಊರಿಗೆ ಹೊರಟರೂ ಉಳಿದವರೆಲ್ಲ ಪಟ್ಟಿ ಕೊಡುತ್ತಾರೆ. ಒಬ್ಬರಿಗೆ ಒಂದು ಚೀಲ ಜೋಳ, ಒಬ್ಬರಿಗೆ ತೊಗರಿಬೇಳೆ, ಮತ್ತೊಬ್ಬರಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಖಡಕ್ ರೊಟ್ಟಿ. ಮಹಾರಾಷ್ಟ್ರದಲ್ಲಿ ಜೋಳ ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಆದರೆ "ಆ ಜ್ವಾಳದ ರೊಟ್ಟಿಗೆ ನಮ್ಮ ರುಚಿ ಬರಂಗಿಲ್ರಿ" ಎಂಬ ವಾದಕ್ಕೆ ಎದುರುತ್ತರ ಕೊಟ್ಟವರು ಇದುವರೆಗೆ ಹುಟ್ಟಿಲ್ಲ. ಸ್ವಂತ ಜೀಪು ಇದ್ದವನು ನಾನೊಬ್ಬನೇ. ಎರಡು ತಿಂಗಳಿಗೊಮ್ಮೆ ಖಾಲಿ ಹೋಗಿ, ಎಂಟೊಂಬತ್ತು ಚೀಲ ಹೊತ್ತು ಬರುತ್ತಿದ್ದೆ. ಹಿಂಭಾಗ ಕುಸಿಯುತ್ತಿತ್ತು. ಅದಕ್ಕೆ ನಾಸಿಕದ ಮಿಸ್ತ್ರಿಯ ಕೈಯಲ್ಲಿ ಹಿಂದಿನ ಕಮಾನಿಗೆ ಎರಡೆರಡು ಪಟ್ಟಿ ಹೆಚ್ಚು ಹಾಕಿಸಿದೆ. ಜೊತೆಗೆ ಹೊಸ ಶಾಕಪ್. ಅವು ಮೂರು ತಿಂಗಳಲ್ಲಿ ಸತ್ತವು. ಮತ್ತೆ ಹಾಕಿಸಿದೆ, ಮತ್ತೆ ಸತ್ತವು.

"ಡೂಪ್ಲಿಕೇಟ್ ಮಾಲು ಕಾಕಾ" ಎಂದೆ. "ಆ ಮಿಸ್ತ್ರಿ ಕಳ್ಳ. ಗ್ಯಾರೇಜಿನಲ್ಲಿ ಐದಾರು ಗಿರಾಕಿಗಳ ಎದುರಿಗೇ ಆ ಶಾಕಪ್ ಅವನ ಕಾಲ ಬಳಿ ಬಿಸಾಕಿ ಮಾನ ಕಳೆದು ಬಂದೆ. ಅಷ್ಟೇ ಅಲ್ಲ, ನಾಸಿಕದ ನಮ್ಮ ಕನ್ನಡ ಗ್ರೂಪಿನಲ್ಲಿ ಫೋಟೋ ಹಾಕಿ, ಅವನ ಗ್ಯಾರೇಜಿಗೆ ಯಾರೂ ಹೋಗಬೇಡಿ ಅಂತ ಬರೆದೆ. ನಮ್ಮವರೆಲ್ಲ ಅವನನ್ನು ಬಿಟ್ಟರು."

ಈ ಕತೆಯನ್ನು ನಾನು ಹಲವರಿಗೆ ಹೇಳಿದ್ದೆ. ಎಲ್ಲರೂ ತಲೆದೂಗಿದ್ದರು. ಅವರು ತಲೆದೂಗಲಿಲ್ಲ. ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು ಕೇಳಿದರು:

"ಸಪ್ಪಳ ಹೋಗೂ ಮುಂದ ಬರ್ತದೋ, ಬರೂ ಮುಂದ ಬರ್ತದೋ?"

"ಹೋಗುವಾಗ" ಎಂದೆ. "ಬರುವಾಗ ಚೀಲಗಳ ಭಾರಕ್ಕೆ ಸದ್ದು ಅಡಗುತ್ತೆ."

"ಹಾಂ" ಎಂದು ಎದ್ದು ಒಳಗೆ ಹೋದರು. ಅಷ್ಟೇ. ಹದಿನೈದು ದಿನ ಆ ವಿಷಯವೇ ಇಲ್ಲ. ನನಗೆ ಸಿಟ್ಟು ಬಂದಿತ್ತು. ಇಪ್ಪತ್ತು ವರ್ಷ ಶಾಕಪ್ ಕಾರ್ಖಾನೆಯಲ್ಲಿ ಇದ್ದವರು ಎಂದು ಕೇಳಿದರೆ, ಇವರು ವೈದ್ಯರ ಹಾಗೆ "ಹಾಂ" ಎಂದು ಎದ್ದು ಹೋಗುವುದೇ?

ಒಮ್ಮೆ ನಾವು ಎರಡೂ ಮನೆಯವರು ದೌಲತಾಬಾದಿನ ಕೋಟೆಗೆ ಹೋದೆವು. ನಾವೆಲ್ಲ ಏದುಸಿರು ಬಿಡುತ್ತ ಹತ್ತಿ ಇಳಿದು ಬರುವವರೆಗೂ ಅವರು ಕೆಳಗೆ ರಸ್ತೆಯ ಪಕ್ಕದ ಪೇರಲೆ ಹಣ್ಣಿನ ಗಾಡಿಯ ಬಳಿ ಕುಳಿತಿದ್ದರು. ಅಲ್ಲೊಂದು ಸ್ಪೀಡ್ ಬ್ರೇಕರ್ ಇತ್ತು. ಅದನ್ನು ಹಾರಿ ಬರುವ ಪ್ರವಾಸಿಗಳ ಗಾಡಿಗಳನ್ನೆಲ್ಲ ನೋಡಿ, ಸೀಮೆಸುಣ್ಣದಿಂದ ಕಲ್ಲಿನ ಮೇಲೆ ಗೆರೆ ಎಳೆದಿದ್ದರು. ಬದುಕಿದ್ದವು ಒಂದು ಕಡೆ, ಸತ್ತವು ಒಂದು ಕಡೆ. ಕಾಕು ಹಣೆ ಬಡಿದುಕೊಂಡರು. "ಮಂದಿ ಕ್ವಾಟಿ ನೋಡ್ಲಾಕ ಬರ್ತಾರ, ಇವ್ರು ಗಾಡೀದು ಹೊಟ್ಟಿ ನೋಡ್ಲತ್ತಾರ ನೋಡ್ರಿ!" ಅವರು ಆ ಮಾತಿಗೆ ಬೇಸರ ಮಾಡಿಕೊಳ್ಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಸತ್ತವು ಭಾಳ ಅವ್ರಿ. ಆದ್ರ ಎಲ್ಲಾ ಒಂದೇ ಕಾರಣಕ್ಕ ಸತ್ತಿಲ್ಲ" ಎಂದರು. ಅದರಲ್ಲಿ ದುಃಖವಿತ್ತೋ ಹೆಮ್ಮೆ ಇತ್ತೋ ಆಗ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಅವರೇ ನನ್ನ ಮನೆಗೆ ಬಂದರು. ಆಗಲೇ ನಾನು ಇಲ್ಲಿನ ಅಂಗಡಿಯಿಂದ ಮತ್ತೊಂದು ಜೋಡಿ ಹೊಸ ಶಾಕಪ್ ಹಾಕಿಸಿದ್ದೆ. ಅವರ ಕೈಯಲ್ಲಿ ರಾಣಿ ಬಣ್ಣದ, ಗಾಢ ಗುಲಾಬಿ ರೇಷ್ಮೆ ದಾರ. ಕಾಕು ಮನೆಯಲ್ಲಿ ಪೈಠಣಿ ಸೀರೆಗಳಿಗೆ ಗೊಂಡೆ ಕಟ್ಟಿಕೊಡುತ್ತಿದ್ದರು, ಆ ಪೆಟ್ಟಿಗೆಯಿಂದ ತಂದದ್ದು. ಗಾಡಿಯ ಕೆಳಗೆ ತೂರಿ, ಶಾಕಪ್ಪಿನ ಮೇಲಿನ ಧೂಳಿನ ಮುಚ್ಚಳ ಕತ್ತರಿಸಿ ತೆಗೆದು, ಒಳಗೆ ಹೊರಗೆ ಆಡುವ ಆ ಹೊಳೆಯುವ ಸಲಾಕೆಯ ಬುಡಕ್ಕೆ ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದರು.

"ದೃಷ್ಟಿ ದಾರಾನಾ ಕಾಕಾ?" ಎಂದು ಚೇಷ್ಟೆ ಮಾಡಿದೆ.

"ನಿಮ್ಮ ದೃಷ್ಟಿನೇ ತಾಗ್ಯಾದ್ರಿ ಅದಕ್ಕ" ಎಂದರು. "ಗಾಡಿ ಕೆಳಗ ಒತ್ತಿದಾಗೆಲ್ಲ ಸಲಾಕಿ ಕೊಳವೀ ಒಳಗ ಹೋಗ್ತದ, ದಾರ ಮ್ಯಾಲ ಸರೀತದ. ಎಷ್ಟು ಮ್ಯಾಲ ಸರದದ ಅಂತ ಬಂದು ತೋರಸ್ರಿ."

ಆ ಮಾತು ನನಗೆ ಅರ್ಥವಾಯಿತು. ಭಾರಕ್ಕೆ ಶಾಕಪ್ ಪೂರ್ತಿ ಒತ್ತಿ ತಳಕ್ಕೆ ಬಡಿದು ಒಡೆಯುತ್ತಿದ್ದರೆ ದಾರ ತುದಿಯವರೆಗೆ ಸರಿದಿರಬೇಕು. ಒಂದು ದಿನ ಬಾವಿಗಳ ಕೆಲಸಕ್ಕೆ ಖಾಲಿ ಗಾಡಿಯಲ್ಲಿ ಕಲ್ಲುದಾರಿ ತಿರುಗಿ ಬಂದೆ. ದಾರ ಎರಡು ಬೆರಳು ಸರಿದಿತ್ತು. ಮುಂದಿನ ವಾರ ಕಲಬುರಗಿಗೆ ಹೋಗಿ, ಎಂಟು ಚೀಲ ಹೇರಿಕೊಂಡು ಬಂದೆ. ಈಗ ನೋಡಿ, ತುದಿಗೇ ಹೋಗಿರುತ್ತದೆ ಎಂದು ಬಗ್ಗಿದೆ. ನಾಲ್ಕೇ ಬೆರಳು. ಮೇಲೆ ಇನ್ನೂ ಒಂದು ಗೇಣು ಜಾಗ ಖಾಲಿ ಇತ್ತು. ಭಾರ ಹೊತ್ತು ಬಂದಾಗಲೂ ಆ ಶಾಕಪ್ಪಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಮುರಿಯುವುದು ಹೇಗೆ? ನನ್ನ ತಲೆ ಕೆಟ್ಟುಹೋಯಿತು. ಅವರು ಮಾತ್ರ ಮದುವೆ ಮನೆಗೆ ಹೊರಟವರಂತೆ ಗೆಲುವಾಗಿದ್ದರು. ಚೀಲಗಳನ್ನೆಲ್ಲ ಇಳಿಸಲು ಹೇಳಿದರು. ಜ್ಯಾಕನ್ನು ಚಕ್ರದ ಕೆಳಗಲ್ಲ, ಗಾಡಿಯ ಚೌಕಟ್ಟಿನ ಕೆಳಗೆ ಇಡಿಸಿದರು. ಒತ್ತುತ್ತ ಹೋದೆ. ಮೈ ಎದ್ದಿತು, ಚಕ್ರ ಕೆಳಗೆ ಜೋತುಬಿತ್ತು. ಎರಡು ಬೆರಳು ಇಳಿದಿತ್ತೋ ಇಲ್ಲವೋ, ಚಕ್ರ ತಟಕ್ಕನೆ ನಿಂತಿತು. ಕಮಾನಿಗೆ ಇನ್ನೂ ಇಳಿಯುವ ಮನಸ್ಸಿತ್ತು. ಶಾಕಪ್ ಹಗ್ಗದ ಹಾಗೆ ಬಿಗಿದು, ಅಷ್ಟು ಭಾರದ ಆಕ್ಸಲನ್ನು ಒಂದೇ ಕೈಯಲ್ಲಿ ಹಿಡಿದು ತೂಗುತ್ತಿತ್ತು.

"ನೋಡ್ರಿ" ಎಂದರು, ಸೀಮೆಸುಣ್ಣದಿಂದ ಅಲ್ಲೊಂದು ಗೆರೆ ಎಳೆದು. "ಪಟ್ಟಿ ಹೆಚ್ಚಿಗಿ ಹಾಕ್ಸೀರಿ, ಗಾಡಿ ಮ್ಯಾಲ ಎದ್ದದ. ಶಾಕಪ್ ಉದ್ದ ಅಷ್ಟೇ ಅದ. ಖಾಲಿ ಇದ್ದಾಗ ಅದು ಮೊದಲೇ ಪೂರಾ ಎಳದು ನಿಂತದ. ಹೊಂಡಕ್ಕ ಚಕ್ರ ಇಳೀತಂದ್ರ ಸಲಾಕಿ ಮ್ಯಾಲಿನ ತುದೀಗಿ ಹೋಗಿ ಬಡೀತದ. ದಿನಾ ನೂರು ಸಲ. ನೀವೆಲ್ಲಾರೂ ಭಾರಕ್ಕ ಸತ್ತದಂತ ತಿಳ್ಕೊಂಡೀರಿ. ಭಾರ ಇದ್ದಾಗ ಅದು ಆರಾಮ ಇತ್ತು. ಖಾಲಿ ಇದ್ದಾಗ ಸತ್ತದ್ರಿ ಅದು."

ನಾನು ನಂಬಲಿಲ್ಲ. ಅವರು ನಾಸಿಕದ ಮಿಸ್ತ್ರಿ ಹಾಕಿದ್ದ ನನ್ನ ಹಳೆಯ ಸತ್ತ ಶಾಕಪ್ಪೊಂದನ್ನು ಹಿತ್ತಲಿಗೆ ಒಯ್ದು, ಎಣ್ಣೆ ಬಸಿದು, ಒಂದು ತಾಸು ಗರಗಸ ಹಿಡಿದು ಸೀಳಿದರು. ಕೆಳಗಿನ ತಳ ಹೊಸದರ ಹಾಗೆ ಹೊಳೆಯುತ್ತಿತ್ತು. ಮೇಲಿನ ತುದಿಯಲ್ಲಿ ಬಡಿದು ಬಡಿದು ಉಂಗುರದಂತೆ ಗಾಯ, ಎಣ್ಣೆ ತಡೆಯುವ ರಬ್ಬರು ಚೂರುಚೂರು. ಅಂದರೆ ಮಾಲು ಅಸಲಿಯೇ ಆಗಿತ್ತು.

"ಎರಡು ಪಟ್ಟಿ ಹಾಕ್ಲಾಕ ಯಾರ್ ಹೇಳಿದ್ರು?" ಎಂದು ಕೇಳಿದರು.

"ಆ ಮಿಸ್ತ್ರಿನೇ" ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಹೇಳಿದ್ದು ನಾನು. ಅವನು ಕೈ ಒರೆಸಿಕೊಳ್ಳುತ್ತ, "ಪಾಟಾ ವಾಢವಲಾ ಕೀ ಗಾಡೀ ವರ್ ಉಠತೇ, ಸಾಹೇಬ" ಎಂದಿದ್ದ. ಪಟ್ಟಿ ಹೆಚ್ಚಿಸಿದರೆ ಗಾಡಿ ಮೇಲೇಳುತ್ತದೆ. ಏಳಲಿ ಬಿಡು, ಎತ್ತರ ಇದ್ದರೆ ಗಾಡಿಗೆ ಗತ್ತು ಎಂದಿದ್ದೆ ನಾನು. ನಿಜಕ್ಕೂ ನನಗೆ ಆ ಎತ್ತರ ಬಹಳ ಇಷ್ಟವಾಗಿತ್ತು. ಆಫೀಸಿನವರು ಕತ್ತೆತ್ತಿ ನೋಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಜ್ವರ ಬರಿಸಿದವನೂ ಹೌದು, ಬರೆ ಹಾಕಿದವನೂ ಹೌದು.

ಇದನ್ನೆಲ್ಲ ಅವರಿಗೆ ಹೇಳಿದೆ. ನಗುತ್ತಾರೆ, ಹೋಗಲಿ ಬಿಡ್ರಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಗರಗಸ ಕೆಳಗಿಟ್ಟು, ಎಣ್ಣೆಗೈಯಲ್ಲೇ ನನ್ನ ಮುಖ ನೋಡುತ್ತ ಕೂತರು. ಆಮೇಲೆ ತಮ್ಮ ಕೆಲಸದ ಬಗ್ಗೆ ಮೊದಲ ಬಾರಿಗೆ ಮಾತಾಡಿದರು. ಕಾರ್ಖಾನೆಯಲ್ಲಿ ಅವರದು ವಾಪಸ್ ಬಂದ ಮಾಲಿನ ಕೋಣೆ. ಗ್ಯಾರಂಟಿ ಮುಗಿಯುವ ಮೊದಲೇ ಕೆಟ್ಟ ಶಾಕಪ್ಪುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಒಂದೊಂದಕ್ಕೂ ಒಂದು ಚೀಟಿ ಕಟ್ಟಿ ಕಾರಣ ಬರೆಯಬೇಕು.

"ದಿನಾ ನಲವತ್ತು ಪೀಸ್ ಬರ್ತಿದ್ವು. ಸೀಳಿ ನೋಡ್ಲಾಕ ಯಾರಿಗಿ ಟೈಮ್ ಅದ್ರಿ? ಮ್ಯಾಲಿಂದ ನೋಡೋದು, 'ಫಿಟ್ಟರ್ ತಪ್ಪು', ಅಂದ್ರ ಹಾಕಿದ ಮಿಸ್ತ್ರೀದು ತಪ್ಪು ಅಂತ ಬರಿಯೋದು. ಸಾಹೇಬ್ರಿಗೂ ಅದೇ ಬೇಕಾಗಿತ್ತು. ಇಪ್ಪತ್ತು ವರ್ಷ ಫಿಟ್ಟರ್ ತಪ್ಪು, ಫಿಟ್ಟರ್ ತಪ್ಪು ಅಂತ ಬರದೀನಿ. ಒಬ್ಬ ಫಿಟ್ಟರಂದೂ ಮಾರಿ ನೋಡಿಲ್ರಿ ನಾ." ಸೀಳಿದ ಶಾಕಪ್ಪನ್ನು ನನ್ನ ಕಡೆ ಸರಿಸಿ ಸೇರಿಸಿದರು: "ನೀವು ನೋಡೀರಿ. ಹೋಗಿ ಬರ್ರಿ ನಾಸಿಕಕ್ಕ. ಮಂದಿ ಮುಂದ ಅಂದದ್ದು ಮಂದಿ ಮುಂದೇ ತಿದ್ದಬೇಕ್ರಿ. ಗ್ರೂಪಿನ್ಯಾಗ ಬರದದ್ದು ಗ್ರೂಪಿನ್ಯಾಗೇ."

ಮನೆಯ ತುಂಬ ಸತ್ತ ಶಾಕಪ್ಪು ಯಾಕೆ ಎಂಬುದು ಅಂದು ಅರ್ಧ ತಿಳಿಯಿತು. ನಿವೃತ್ತಿಯ ದಿನ ಬೇರೆಯವರು ಗಡಿಯಾರ, ಶಾಲು ಹಿಡಿದು ಬಂದರೆ ಇವರು ಗುಜರಿಗೆ ಹೋಗಬೇಕಿದ್ದ ಒಂದು ಗೋಣಿ ವಾಪಸ್ ಮಾಲು ಕೇಳಿ ತಂದಿದ್ದರಂತೆ. ಆಮೇಲೆ ಪುರುಸೊತ್ತಿನಲ್ಲಿ ಒಂದೊಂದನ್ನೇ ಸೀಳಿ ನೋಡುತ್ತಿದ್ದರಂತೆ. ಏನು ಕಂಡಿತು ಎಂದು ಕೇಳಿದೆ. "ನಿಮಗ ಬಾವಿಯೊಳಗ ಏನ್ ಕಾಣ್ತದ್ರಿ?" ಎಂದು ಕೇಳಿ ಎದ್ದು ಹೋದರು.

ಹೆಚ್ಚಿನ ಪಟ್ಟಿಗಳನ್ನು ಆ ವಾರವೇ ತೆಗೆಸಿದೆ. ಗಾಡಿ ಮೂರು ಬೆರಳು ತಗ್ಗಿತು, ಗತ್ತೂ ತಗ್ಗಿತು. ಇಲ್ಲಿನ ನಮ್ಮವರಿಗೆ ಇನ್ನು ಮುಂದೆ ಮೂರೇ ಚೀಲ ಎಂದು ಹೇಳಿದೆ. ಅವರ ಮುಖಗಳೂ ತಗ್ಗಿದವು. ಟಕ್ ಸದ್ದು ನಿಂತಿತು.

ನಾಸಿಕಕ್ಕೆ ಮಾತ್ರ ಹೋಗಲಿಲ್ಲ. ಮೊದಲು ಮಾರ್ಚ್ ತಿಂಗಳ ವರದಿ. ಆಮೇಲೆ ಬೇಸಿಗೆಯ ಅಳತೆ. ಆಮೇಲೆ ಮಳೆ. ಸುಳ್ಳೇಕೆ, ನಾಚಿಕೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಕೇಂದ್ರ ಸರ್ಕಾರದ ಅಧಿಕಾರಿ ಗ್ಯಾರೇಜಿನ ಗ್ರೀಸಿನ ನೆಲದ ಮೇಲೆ ನಿಂತು, ನನ್ನದು ತಪ್ಪಾಯಿತು ಎನ್ನುವ ಚಿತ್ರ ಕಣ್ಣಿಗೆ ಬಂದರೆ ಬೆನ್ನು ಬಿಸಿಯಾಗುತ್ತಿತ್ತು. ಅವರು ವಾರಕ್ಕೊಮ್ಮೆ ಕೇಳುತ್ತಿದ್ದರು. "ನಾಸಿಕಕ್ಕ ಹೋಗಿ ಬಂದ್ರೇನ್ರಿ?" ಬೇರೆ ಯಾವ ಮಾತನ್ನೂ ಎರಡು ಸಲ ಕೇಳದ ಮನುಷ್ಯ. ಕೊನೆಗೆ ದೀಪಾವಳಿಯ ಮುಂಚೆ ಒಂದು ಭಾನುವಾರ, ತಪ್ಪಿಸಿಕೊಳ್ಳಲಾರದೆ, "ಫೋನ್ ಮಾಡಿ ಮಾತಾಡಿದೆ ಕಾಕಾ" ಎಂದೆ.

"ಏನಂದ?"

"ಇರಲಿ ಬಿಡಿ ಸಾಹೇಬ್ ಅಂದ."

ನನ್ನ ಮುಖ ನೋಡಲಿಲ್ಲ. ಜೀಪಿನ ಹಿಂದಿನ ಚಕ್ರವನ್ನೇ ನೋಡುತ್ತ ನಿಂತು, "ಛಲೋ ಆಯ್ತು" ಎಂದರು. ಆಮೇಲೆ ಎಂದೂ ಕೇಳಲಿಲ್ಲ. ನಂಬಿದರು ಎಂದುಕೊಂಡು ನೆಮ್ಮದಿಯಾಗಿದ್ದೆ. ಮುಂದಿನ ವಾರ ಅವರು ಒಬ್ಬರೇ ಬೆಳಗಿನ ಬಸ್ಸಿಗೆ ಹೊರಟಿದ್ದರು. ಹೆಗಲಿಗೆ ಒಂದು ಭಾರದ ಕೈಚೀಲ. ಎಲ್ಲಿಗೆ ಎಂದರೆ, "ಯೇವಲಾದಾಗ ಗೊಂಡೇ ದಾರ ಛಲೋ ಸಿಗ್ತಾವ್ರಿ, ನಿಮ್ಮ ಕಾಕುಗೆ ಬೇಕಾಗ್ಯಾವ" ಎಂದರು. ಅವರು ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಅದೊಂದೇ ಸಲ. ಯೇವಲಾ ನಾಸಿಕದ ದಾರಿಯಲ್ಲೇ ಇರುವ ಊರು, ನಾನು ಅನುಮಾನ ಪಡಬೇಕಿತ್ತು.

ಈ ವರ್ಷ ಅವರು ಹೋದರು. ಬೆಳಗ್ಗೆ ಪೂಜೆ ಮುಗಿಸಿ, ಚಹಾಕ್ಕೆ ಕಾಯುತ್ತ ಕುರ್ಚಿಯಲ್ಲಿ ಕೂತವರು ಹಾಗೆಯೇ ಉಳಿದರು. ಕಾಕು ಗೋಡೆ ಬಡಿದು ನನ್ನನ್ನು ಕರೆದಾಗ ಓಡಿ ಹೋಗಿ ಬಾಗಿಲಲ್ಲಿ ಎಡವಿ ಬಿದ್ದೆ. ಎಡವಿದ್ದು ಆ ಶಾಕಪ್ಪಿಗೇ. ಮೊಣಕಾಲು ಒಡೆದುಕೊಂಡು ನೆಲದ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಶಿವಗಣಾರಾಧನೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬೀದರಿನಿಂದ ನೆಂಟರು, ಊರಿನ ಕನ್ನಡದವರು, ಕಾರ್ಖಾನೆಯವರು ಸೇರಿದ್ದರು. ಗೇಟಿನ ಬಳಿ ಒಬ್ಬ ವ್ಯಕ್ತಿ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಚಪ್ಪಲಿ ಬಿಡುತ್ತಿದ್ದ. ಗ್ರೀಸಿಲ್ಲದ ಬಟ್ಟೆಯಲ್ಲಿ ಮೊದಲು ಗುರುತು ಸಿಗಲಿಲ್ಲ. ನಾಸಿಕದ ಮಿಸ್ತ್ರಿ. ಕಾಕಾ ಅವರ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಕಾಕು ಸುದ್ದಿ ಮುಟ್ಟಿಸಿದ್ದರು, ಅದರಲ್ಲಿ ಇವನ ನಂಬರೂ ಇತ್ತು. ನನ್ನನ್ನು ಕಂಡವನೇ ನೇರವಾಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

ಅವನು ಮರಾಠಿ, ಹಿಂದಿ ಬೆರೆಸಿ ಹೇಳಿದ್ದು ಇಷ್ಟು. ದೀಪಾವಳಿಯ ಮುಂಚೆ ಕಾಕಾ ಅವರಿವರನ್ನು ಕೇಳಿ ಅವನ ಗ್ಯಾರೇಜು ಹುಡುಕಿಕೊಂಡು ಬಂದಿದ್ದರು. ಸೀಳಿದ ಶಾಕಪ್ಪನ್ನು ಕೈಚೀಲದಿಂದ ತೆಗೆದು ಗಿರಾಕಿಗಳೆಲ್ಲರ ಮುಂದೆ ಟೇಬಲ್ಲಿನ ಮೇಲೆ ಇಟ್ಟು, ಮೇಲಿನ ತುದಿಯ ಗಾಯ ತೋರಿಸಿದ್ದರು. ಸಾಹೇಬರಿಗೆ ರಜೆ ಸಿಗಲಿಲ್ಲ, ತಪ್ಪಾಯಿತು ಎಂದು ಹೇಳಿ ಬನ್ನಿ ಅಂತ ತಮ್ಮನ್ನು ಕಳಿಸಿದ್ದಾರೆ ಎಂದಿದ್ದರು. ಆಮೇಲೆ ಹೊರಡಲಿಲ್ಲ. ಮೂಲೆಯಲ್ಲಿದ್ದ ಗುಜರಿಯ ರಾಶಿಯಿಂದ ಸತ್ತ ಶಾಕಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ, ಸಂಜೆಯವರೆಗೂ ಕೂತು ಇವನ ಗರಗಸದಲ್ಲೇ ಸೀಳಿಸಿ ನೋಡಿದ್ದರು. ಕೆಲವಕ್ಕೆ ಗಾಡಿಯವನ ತಪ್ಪು ಎಂದರು. ಕೆಲವಕ್ಕೆ ರಸ್ತೆ ಎಂದರು. ಎಷ್ಟೋ ಪೀಸುಗಳಿಗೆ "ಇದು ನಮ್ಮ ತಪ್ಪು, ಕಾರ್ಖಾನೇದು" ಎಂದು ತಮ್ಮ ಎದೆ ಮುಟ್ಟಿಕೊಂಡು ಹೇಳಿದರು. ಹೋಗುವಾಗ ನನ್ನ ಶಾಕಪ್ಪಿಗೆ ಒಂದು ಚೀಟಿ ಕಟ್ಟಿದ್ದರು. ಅವನು ಫೋನಿನಲ್ಲಿ ಅದರ ಫೋಟೋ ತೋರಿಸಿದ. ಮರಾಠಿಯಲ್ಲಿ ದುಂಡಗಿನ ಅಕ್ಷರ: "ಫಿಟರಚೀ ಚೂಕ್ ನಾಹೀ." ಫಿಟ್ಟರ್ ತಪ್ಪಿಲ್ಲ. ಕೆಳಗೆ ಅವರ ಸಹಿ. ಆ ಶಾಕಪ್ಪನ್ನು ಅವನು ಗ್ಯಾರೇಜಿನ ಬಾಗಿಲಲ್ಲಿ ತೂಗು ಹಾಕಿದ್ದನಂತೆ.

"ಈ ಧಂದೆಯಲ್ಲಿ ಬೈದವರು ಬಹಳ, ತಿರುಗಿ ಬಂದು ಹೇಳಿದವರು ಯಾರೂ ಇಲ್ಲ ಸಾಹೇಬ್. ನೀವು ಹೇಳಿ ಕಳಿಸಿದಿರಿ. ದೊಡ್ಡ ಮನಸ್ಸು" ಎಂದ.

ಸುತ್ತ ನಿಂತಿದ್ದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು. ನನ್ನ ಲೆಕ್ಕ ಚುಕ್ತಾ ಮಾಡಿ ಹೋದವರು ಹಾರ ಹಾಕಿದ ಫೋಟೋದಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಅವರಿಗೆ ನನ್ನ ಸುಳ್ಳು ಆ ಭಾನುವಾರವೇ ಗೊತ್ತಾಗಿತ್ತು. ಗೊತ್ತಾಗಿಯೂ "ಛಲೋ ಆಯ್ತು" ಎಂದಿದ್ದರು. ನನ್ನ ಮಾನ ಉಳಿಸಲೆಂದೇ? ಅಥವಾ ಯಾವನೋ ಒಬ್ಬ ಫಿಟ್ಟರನ ಮುಖವನ್ನು ಸಾಯುವ ಮುಂಚೆ ನೋಡಲೆಂದೇ? ಇಲ್ಲಾ, ಇವನು ಒಂದಲ್ಲ ಒಂದು ದಿನ ನನ್ನೆದುರು ಬಂದು ನಿಲ್ಲುತ್ತಾನೆ, ಆಗ ನಾನೇನು ಮಾಡುತ್ತೇನೆಂದು ನೋಡಲು ಕಟ್ಟಿದ ಇನ್ನೊಂದು ದಾರವೇ? ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

"ನಾನು ಕಳಿಸಿರಲಿಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮರಾಠಿಯಲ್ಲೂ ಹೇಳಿದೆ, ಅವನಿಗೆ ತಿಳಿಯಲೆಂದು. "ನಿನಗೆ ಫೋನ್ ಮಾಡಿದೆ ಅಂತ ಅವರಿಗೆ ಸುಳ್ಳು ಹೇಳಿದ್ದೆ. ಅವರಾಗಿಯೇ ಬಂದದ್ದು. ಪಟ್ಟಿ ಹಾಕಿದರೆ ಗಾಡಿ ಏಳುತ್ತದೆ ಅಂತ ನೀನು ಹೇಳಿದ್ದೆ, ನಾನೇ ಹಾಕಿಸಿದೆ. ನಿನ್ನನ್ನು ಕಳ್ಳ ಅಂದೆ. ತಪ್ಪು ನನ್ನದು."

ಬಡಿಸುತ್ತಿದ್ದವರು ಸೌಟು ಹಿಡಿದು ನಿಂತುಬಿಟ್ಟರು. ಅಲ್ಲೇ ನಿಂತು ನಾಸಿಕದ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದೆ. ಅವನಿಗೆ ಕನ್ನಡ ಬಾರದು. ಓದಿ ಅರ್ಥ ಹೇಳಿದೆ. ಅವನು ಇರಲಿ ಬಿಡಿ ಸಾಹೇಬ್ ಎನ್ನಲಿಲ್ಲ. ಆ ಮಾತನ್ನು ಅವನ ಬಾಯಲ್ಲಿ ನಾನು ಸುಳ್ಳುಸುಳ್ಳೇ ಹಾಕಿದ್ದೆ, ಅದು ಅವನಿಂದ ಬರಲೇ ಇಲ್ಲ.

"ಗಾಡೀ ಕುಠೇ ಆಹೇ?" ಎಂದು ಕೇಳಿದ.

ಗಾಡಿ ಎಲ್ಲಿದೆ ಎಂದು ತೋರಿಸಿದೆ. ಬೀದಿಗೆ ಬಂದು, ಬಿಳಿ ಅಂಗಿಯಲ್ಲೇ ಧೂಳಿನಲ್ಲಿ ಮಲಗಿ ಜೀಪಿನ ಕೆಳಗೆ ತೂರಿದ. ಅವನ ಚಾಚಿದ ಕಾಲುಗಳ ಪಕ್ಕ ನಾನು ಕುಕ್ಕರುಗಾಲಲ್ಲಿ ಕೂತೆ. ಒಳಗಿನಿಂದ ಪಟ್ಟಿಗಳನ್ನು ಬೆರಳಿನಿಂದ ಎಣಿಸುವ ಸದ್ದು, ಆಮೇಲೆ ಏನೂ ಇಲ್ಲ. ಸಲಾಕೆಯ ಮೇಲೆ ಆ ರೇಷ್ಮೆ ದಾರ ಇನ್ನೂ ಇತ್ತು. ರಾಣಿ ಬಣ್ಣ ಹೋಗಿ ಕಪ್ಪಾಗಿತ್ತು. ಅದನ್ನು ಮುಟ್ಟಿ ನೋಡುತ್ತಿದ್ದಾನೆ ಎಂದು ತೋಳಿನ ಚಲನೆಯಿಂದ ತಿಳಿಯಿತು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ: "ಆತಾ ಬರೋಬರ್ ಆಹೇ, ಸಾಹೇಬ. ದೋರಾ ರಾಹೂ ದ್ಯಾ."

ಈಗ ಸರಿಯಾಗಿದೆ, ದಾರ ಹಾಗೇ ಇರಲಿ. ಅಷ್ಟು ಹೇಳಿ ಒಳಗೆ ಹೋಗಿ ಪಂಕ್ತಿಯಲ್ಲಿ ಕೂತ. ನಾನು ಅವನಿಗೆ ಬಡಿಸಲು ಹೋದೆ.